ಹೊಟ್ಟೆಯ ಜಾಗದ ಹಂಚು

ಮದುವೆ ಮನೆಗೆ ಬಂದರೂ ಹುಲುಗಪ್ಪ ಕಾಕಾನ ಜೇಬಿನಲ್ಲಿ ಬೋಲ್ಟು ಬಿಚ್ಚುವ ಪಾನಾ ಇರುತ್ತಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತರಾದ ಮೇಲೆ ಹೊಸಪೇಟೆಯ ನಮ್ಮ ಓಣಿಯಲ್ಲಿ ಶಿಲ್ಪಿಯಾದರು. ಹಂಪಿ ಪಕ್ಕದಲ್ಲಿದ್ದುಕೊಂಡು ಕಲ್ಲು ಬಿಟ್ಟು ಕಬ್ಬಿಣವೇಕೆ ಎಂದರೆ, "ಕಲ್ಲಿನ ಕೆಲಸ ಅವ್ರು ಮುಗಿಸಿ ಹೋಗ್ಯಾರ. ನಮಗ ಉಳಿದಿದ್ದು ಇದ," ಎನ್ನುತ್ತಿದ್ದರು.

ಸಲಿಕೆ, ಬುಟ್ಟಿ, ಸೈಕಲ್ ಚೈನು ಜೋಡಿಸಿ ಮನುಷ್ಯರನ್ನು ಮಾಡುವರು. ಗುಜರಿ ಸಾಮಾನು ಮಾತ್ರ ಮುಟ್ಟುತ್ತಿರಲಿಲ್ಲ. "ದಿನಾ ಕೈ ತಾಗಿದ್ದು ಕೊಡು ತಂಗಿ. ಬದಲಿಗೆ ಹೊಸಾದು ಕೊಡ್ತೀನಿ," ಎಂದು ಓಣಿಯ ಹೆಂಗಸರನ್ನು ಕೇಳುವರು.

ನಾನಾಗ ಹೊಸ ಸೊಸೆ. ಅತ್ತೆ ಕಂಪ್ಲಿಯ ತಂಗಿಯ ಮನೆಗೆ ಹೋಗಿದ್ದಾಗ, ಹೊಸದರ ಆಸೆಗೆ ಅವರ ರೊಟ್ಟಿ ಹಂಚನ್ನು ಕೊಟ್ಟುಬಿಟ್ಟೆ. ಊರಿಂದ ಬಂದ ಅತ್ತೆ ಹೊಸ ಹಂಚಿನ ಮೇಲೆ ರೊಟ್ಟಿ ಹಾಕಿದರೆ ಅದು ಅಂಟಿಕೊಂಡು ಮೇಲೇಳಲೇ ಇಲ್ಲ.

"ನಮ್ಮತ್ತಿ ಕೊಟ್ಟ ಹಂಚು ಎಲ್ಲೈತಿ?"

ಹೇಳಿದೆ. ಅವರು ಬೈಯಲಿಲ್ಲ, ಉಣ್ಣದೆ ಮಲಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆ ಇಬ್ಬರೂ ಕಾಕಾನ ಅಂಗಳಕ್ಕೆ ಹೋದೆವು. ಅದಿರಿನ ಬುಟ್ಟಿ ಹೊತ್ತ ಗಣಿ ಹೆಂಗಸಿನ ಆಳೆತ್ತರದ ಆಕೃತಿ ಗಣಿ ಊರಾದ ಸಂಡೂರಿನ ಸರ್ಕಲ್ಲಿಗೆ ಹೊರಡಲು ಸಿದ್ಧವಾಗಿತ್ತು. ಹೊಟ್ಟೆಯ ಜಾಗದಲ್ಲಿ ನಮ್ಮ ಹಂಚು. ಬೆಸುಗೆ ಹಾಕಿಬಿಟ್ಟಿದ್ದರೆ ನನ್ನ ಕಥೆ ಮುಗಿದಂತೆಯೇ ಎಂದುಕೊಂಡೆ.

"ನಾನು ಬೆಸುಗಿ ಹಾಕಂಗಿಲ್ರಿ ಅಕ್ಕಾರ. ಕೊಟ್ಟೋರು ವಾಪಸ್ ಕೇಳಿದ್ರ?" ಎನ್ನುತ್ತ ಕಾಕಾ ಜೇಬಿನ ಪಾನಾ ತೆಗೆದು, ಹಂಚನ್ನು ಹಿಡಿದಿದ್ದ ಎರಡು ಕಬ್ಬಿಣದ ಪಟ್ಟಿ ಸಡಿಲಿಸಿ ಹಂಚನ್ನು ಅತ್ತೆಯ ಕೈಗಿಟ್ಟರು. ಅದಕ್ಕೆ ಒಂದು ತೂತೂ ಬಿದ್ದಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

ಅತ್ತೆ ಮಾತ್ರ ಆಕೃತಿಯಲ್ಲಿ ಉಳಿದ ದುಂಡನೆಯ ಖಾಲಿ ಜಾಗವನ್ನೇ ನೋಡುತ್ತ ನಿಂತರು. "ಬರೇ ಹೊಟ್ಟೀಲೆ ಕಳಿಸ್ತೀಯೇನು ಈಕೀನ್ನ? ಬೇಕಾದ್ರ ಇಟ್ಕೋ," ಎಂದು ಹಂಚು ಚಾಚಿದರು. ಹಿಡಿತ ಸಡಿಲಿಸಿರಲಿಲ್ಲ.

ಕಾಕಾ ನಕ್ಕರು. "ಬ್ಯಾಡ್ರಿ. ಹಂಚು ಇದ್ದಾಗ ಇದು ಹೊಟ್ಟಿ ಅಂತ ನಾನು ಹೇಳ್ಬೇಕಿತ್ತು. ಈಗ ಖಾಲಿ ಆದ ಮ್ಯಾಲೆ ನೀವ ಹೇಳಿದ್ರಲ್ಲ."

ಆಕೃತಿ ಹಾಗೆಯೇ ಸಂಡೂರಿಗೆ ಹೋಯಿತು. ಆ ಮಧ್ಯಾಹ್ನ ಅತ್ತೆ ಹೊಟ್ಟೆ ತುಂಬ ಉಂಡರು, ನಾನೂ ಉಂಡೆ.

ಕಾಕಾ ಹೋದ ವರ್ಷ ತೀರಿಕೊಂಡರು. ಮೊನ್ನೆ ಸಂಡೂರಿಗೆ ಹೋಗಿದ್ದಾಗ ಅತ್ತೆ ಬುತ್ತಿಯಿಂದ ಒಂದು ರೊಟ್ಟಿ ತೆಗೆದು, ಆ ಹೆಂಗಸಿನ ಖಾಲಿ ಪಟ್ಟಿಗಳ ನಡುವೆ ಇಟ್ಟು ಬಂದರು.