ಬಾಗಿಲಿಗೆ ಬಂದ ಮದುವಣಗಿತ್ತಿ

ನಾಹುಮ್ ಗೊರೊಡಿಷ್‌ನದು ಪರದೆ ಹೊಲಿಯುವ ಕಸುಬು. ಬ್ಯೂನಸ್ ಐರಿಸ್‌ನ ವಿಲಾ ಕ್ರೆಸ್ಪೊ ಬಡಾವಣೆಯಲ್ಲಿ ಯಾವ ಮನೆಯ ಕಿಟಕಿ ಎಷ್ಟು ಅಗಲ, ಒಳಗೆ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ತನ್ನ ಮನೆಯ ಕಿಟಕಿಗಳಿಗೆ ಮಾತ್ರ ದಪ್ಪ ಬಟ್ಟೆಯ ಎರಡು ಪದರ ಎಳೆದಿದ್ದ. ಯಾಕೆಂದರೆ ಆ ಮನೆಯಲ್ಲಿ ಅತಿಲಿಯೊ ಇದ್ದ.

ಅತಿಲಿಯೊ ನಿವೃತ್ತ ಬಸ್ ಡ್ರೈವರ್. ಇಟಲಿಯಿಂದ ವಲಸೆ ಬಂದವರ ಮೊಮ್ಮಗ, ಗುಡಾಣದ ಹೊಟ್ಟೆ, ಹೊಳೆಯುವ ಬೋಳುತಲೆ. ಇಬ್ಬರೂ ಮೂವತ್ತು ವರ್ಷದಿಂದ ಒಂದೇ ಮಂಚ ಹಂಚಿಕೊಂಡು ಸಂಸಾರ ಮಾಡುತ್ತಿದ್ದರು. ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಯಾರಾದರೂ ಕೇಳಿದರೆ ಮಾತ್ರ ನಾಹುಮ್, ಅವನು ದೂರದ ಕಸಿನ್ ಎನ್ನುತ್ತಿದ್ದ. ಕೊರಳಲ್ಲಿ ಶಿಲುಬೆ ಹಾಕಿಕೊಂಡ ಕಸಿನ್ ಯೆಹೂದಿಗಳ ಮನೆಗೆ ಎಲ್ಲಿಂದ ಬಂದ ಎಂದು ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹಾಕದ ಮೇಲೆ ನಂಬಿದ್ದಾರೆ ಎಂದು ನಾಹುಮ್ ಸಮಾಧಾನ ಮಾಡಿಕೊಂಡಿದ್ದ. ಅಷ್ಟು ಓದಿಕೊಂಡವನಿಗೆ ಇಷ್ಟೂ ತಿಳಿಯಲಿಲ್ಲ ನೋಡಿ.

ಓದಿಕೊಂಡವನು ಅಂದರೆ ನಿಜವಾಗಿಯೂ ಓದಿಕೊಂಡವನೇ. ಪ್ರತಿ ಗುರುವಾರ ಸಂಜೆ ಸಿನಗಾಗ್‌ನ ಹಿಂದಿನ ಕೋಣೆಯಲ್ಲಿ ಯೆಹೂದಿ ಅನುಭಾವವಾದ ಕಬಾಲದ ಹಳೆಯ ಗ್ರಂಥಗಳ ಪಾಠ ಹೇಳುವವನು ಅವನೇ. ಅಲ್ಲಿ ಅವನಿಗೆ ಎಲ್ಲಿಲ್ಲದ ಧೈರ್ಯ ಬರುತ್ತಿತ್ತು. ದೇವರಲ್ಲಿ ಗಂಡೂ ಇದೆ, ಹೆಣ್ಣೂ ಇದೆ ಎನ್ನುತ್ತಿದ್ದ. ಗಂಡುಮೈಯಲ್ಲಿ ಹೆಣ್ಣುಜೀವ ಬಂದು ಕೂರುವುದೂ ಉಂಟು, ಇದು ನಾನು ಕಟ್ಟಿದ್ದಲ್ಲ, ಗುರುಗಳೇ ಬರೆದಿಟ್ಟಿದ್ದು ಎಂದು ಮೇಜು ಕುಟ್ಟುತ್ತಿದ್ದ. ಆ ಗಡ್ಡದ ಗುರುಗಳು ಜೊತೆಜೊತೆಯಾಗಿ ದಾರಿ ನಡೆಯುವಾಗ, ಒಬ್ಬ ಒಳ್ಳೆಯ ಅರ್ಥ ಹೇಳಿದರೆ ಇನ್ನೊಬ್ಬ ಅತ್ತು ಅವನ ತಲೆಗೆ ಮುತ್ತಿಡುವ ಭಾಗ ಬಂದರಂತೂ ಎರಡೆರಡು ಸಲ ಓದುತ್ತಿದ್ದ. ಎಂಬತ್ತು ದಾಟಿದ ಫಾನಿ ಅಜ್ಜಿ ಮುಂದಿನ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದಳು. ತಲೆ ಎತ್ತದೆ ಒಮ್ಮೆ ಹೇಳಿದಳು: "ಪುಸ್ತಕದೊಳಗೆ ಮುತ್ತಿಡೋದು ಸುಲಭ ಕಣಪ್ಪ."

ನಾಹುಮ್ ಅವಸರದಲ್ಲಿ ಪುಟ ತಿರುಗಿಸಿದ.

ಶುಕ್ರವಾರ ಸಂಜೆ ನಾಹುಮ್ ಪ್ರಾರ್ಥನೆಗೆ ಹೋದರೆ ಅತಿಲಿಯೊ ಎದುರಿನ ಕಾಫಿ ಅಂಗಡಿಯಲ್ಲಿ ಕಾಯುತ್ತಿದ್ದ. ವರ್ಷಾನುಗಟ್ಟಲೆ ಅದೇ ಕಿಟಕಿ, ಅದೇ ಕುರ್ಚಿ. ಈ ಸಲ ನಾಹುಮ್‌ಗೆ ಎಪ್ಪತ್ತು ತುಂಬುತ್ತಿತ್ತು, ಪ್ರಾರ್ಥನೆಯ ನಂತರ ಎಲ್ಲರಿಗೂ ಊಟ ಇತ್ತು. ಬುಧವಾರ ಪಾತ್ರೆ ತೊಳೆಯುತ್ತ ಅತಿಲಿಯೊ ತಣ್ಣಗೆ ಹೇಳಿದ:

"ಈ ಸಲ ನಿನ್ನ ಪಕ್ಕದಲ್ಲಿ ಕೂತ್ಕೋತೀನಿ. ಕಸಿನ್ ಆಗಿ ಅಲ್ಲ. ಆಗಲ್ಲ ಅಂದ್ರೆ ಹೇಳ್ಬಿಡು, ರೊಸಾರಿಯೊದಲ್ಲಿ ಅಕ್ಕನ ಮನೆ ಇದೆ. ಹೋದ್ರೆ ಮತ್ತೆ ಬರಲ್ಲ ಮಾರಾಯ."

ದೇವರ ಹೆಣ್ಣುರೂಪದ ಬಗ್ಗೆ ತಾಸುಗಟ್ಟಲೆ ಮಾತಾಡಬಲ್ಲ ನಾಹುಮ್, ನೋಡೋಣ ಎಂದ. ಗುರುವಾರವೂ ನೋಡೋಣ ಎಂದ. ಶುಕ್ರವಾರ ಶೂ ಹಾಕಿಕೊಂಡು, ನೋಡೋಣ ಎಂದೂ ಹೇಳದೆ ಹೊರಟುಹೋದ. ಅವನಿಗೆ ಅತಿಲಿಯೊ ಹೋಗುವುದೂ ಬೇಕಿರಲಿಲ್ಲ, ಜನ ನೋಡುವುದೂ ಬೇಕಿರಲಿಲ್ಲ.

ಶುಕ್ರವಾರ ಅಲ್ಲಿ ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿಯ ದಿನವನ್ನು, ಮದುವಣಗಿತ್ತಿಯೆಂದು ಹಾಡಿ ಕರೆಯುತ್ತಾರೆ. ಕೊನೆಯ ಚರಣಕ್ಕೆ ಎಲ್ಲರೂ ಎದ್ದು, ಬಾಗಿಲ ಕಡೆ ತಿರುಗಿ, ಎಡಕ್ಕೂ ಬಲಕ್ಕೂ ತಲೆ ಬಾಗುತ್ತಾರೆ. ತಡವಾಗಿ ಬಂದವರು ಆ ಹೊತ್ತಿನಲ್ಲಿ ಒಳಗೆ ಕಾಲಿಡುವುದಿಲ್ಲ, ಮೆಟ್ಟಿಲ ಮೇಲೆ ನಿಂತು ಕಾಯುತ್ತಾರೆ. ಇಟ್ಟರೆ ತಾವೇ ಮದುವಣಗಿತ್ತಿಯಾಗಿ ವರ್ಷವಿಡೀ ಗೇಲಿಗೆ ಗುರಿಯಾಗಬೇಕಲ್ಲ. ಇದು ಅಲ್ಲಿನ ಮಕ್ಕಳಿಗೂ ಗೊತ್ತು. ಅತಿಲಿಯೊಗೆ ಗೊತ್ತಿರಲಿಲ್ಲ. ಗೊತ್ತಾಗಲು ಅವನನ್ನು ಯಾರೂ ಒಳಗೆ ಕರೆದಿರಲಿಲ್ಲ.

ಮನೆಯ ಬೀಗದ ಕೈ ಕೊಟ್ಟು ರೊಸಾರಿಯೊ ಬಸ್ಸು ಹಿಡಿಯೋಣವೆಂದು ಅವನು ಸಿನಗಾಗ್‌ಗೆ ಬಂದ. ಕಾವಲಿನವನು ವರ್ಷಗಟ್ಟಲೆ ಕಾಫಿ ಅಂಗಡಿಯ ಕಿಟಕಿಯಲ್ಲಿ ನೋಡಿದ ಮುಖವೆಂದು ಸುಮ್ಮನೆ ಬಿಟ್ಟ. ಅತಿಲಿಯೊ ಬಾಗಿಲು ತಳ್ಳಿದ. ಒಳಗೆ ಇಡೀ ಸಭೆ ಹಾಡುತ್ತ ತಿರುಗಿ, ಅವನಿಗೆ ತಲೆಬಾಗಿತು.

ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ಬೀಗದ ಕೈ. ಅವನು ಗಾಬರಿಯಾಗಿ ತಾನೂ ತಲೆಬಾಗಿದ. ಹಾಡು ಅಲ್ಲೇ ಮುಗ್ಗರಿಸಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಯಾರಪ್ಪ ಈ ಮದುವಣಗಿತ್ತಿ?" ಎಂದಳು ಫಾನಿ, ಎಲ್ಲರಿಗೂ ಕೇಳುವಂತೆ. ಕೇಳಿದ್ದು ಅತಿಲಿಯೊನನ್ನು, ನೋಡಿದ್ದು ನಾಹುಮ್‌ನನ್ನು.

ನಾಹುಮ್‌ಗೆ ಸೂಟ್‌ಕೇಸ್ ಕಂಡಿತು. ಕಸಿನ್ ಎಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿ, ಬೆಂಚುಗಳ ನಡುವೆ ಬಾಗಿಲ ತನಕ ನಡೆದುಹೋಗಿ ಬೀಗದ ಕೈಯನ್ನು ಅತಿಲಿಯೊನ ಜೇಬಿಗೇ ತುರುಕಿದ.

"ನಮ್ಮನೆಯವ್ರು," ಎಂದ.

ಫಾನಿ ಕೋಲೂರಿಕೊಂಡು ಬಂದಳು. ನಾಹುಮ್‌ನ ಕಾಲರ್ ಹಿಡಿದು ಬಗ್ಗಿಸಿ ತಲೆಗೆ ಮುತ್ತಿಟ್ಟಳು. "ಇಷ್ಟು ವರ್ಷಕ್ಕೆ ಒಂದು ಒಳ್ಳೆ ಅರ್ಥ ಹೇಳ್ದೆ. ಕಾಫಿ ಅಂಗಡಿ ಬೆಕ್ಕಿಗೂ ಗೊತ್ತಿತ್ತು ಕಣೋ. ಹಾಡು ಮುಗಿಸ್ರಪ್ಪ, ಊಟ ಆರ್ತಾ ಇದೆ."

ಯಾರೋ ಅತಿಲಿಯೊನ ಬೋಳುತಲೆಗೆ ಪ್ರಾರ್ಥನೆಯ ಪುಟ್ಟ ಟೋಪಿ ಇಟ್ಟರು, ಅದು ಮೂರು ಸಲ ಜಾರಿತು. ಬೆಂಚಿನಲ್ಲಿ ನಾಹುಮ್‌ಗೆ ಒತ್ತಿ ಕೂತು ಅವನು ಪಿಸುಗುಟ್ಟಿದ:

"ಎಲ್ರೂ ನಂಗ್ಯಾಕೆ ತಲೆ ಬಗ್ಗಿಸಿದ್ರು?"

"ವಾರ ವಾರ ಬಾಗಿಲ ಕಡೆ ತಿರುಗಿ ಕರೀತಾನೇ ಇದ್ವಿ. ನೀನೇ ತಡ ಮಾಡ್ದೆ."

"ತಡ ಮಾಡಿದ್ದು ನಾನಾ?"

ನಾಹುಮ್ ಅವನ ತಲೆಯಿಂದ ಜಾರುತ್ತಿದ್ದ ಟೋಪಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಪ್ರಾರ್ಥನೆ ಮುಗಿಯುವ ತನಕ ಕೈ ತೆಗೆಯದೆ ಕೂತ.