ಎರಡನೆಯ ಸೀಸೆ

ಎಪ್ಪತ್ತರ ದಶಕದಲ್ಲಿ ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಾನು ಹೊಸ ಕೆಮಿಸ್ಟ್. ಕಬ್ಬಿನ ಹಾಲಿನ ಹುಳಿ ಅಳೆಯುವ ಮೀಟರ್ ಕೂರಿಸಲು ಬಂದವರು ಮಳವಳ್ಳಿ ಕಡೆಯ ಮೆಕ್ಯಾನಿಕ್. ಯಾರು ಏನೇ ಹೇಳಲಿ, ಕತ್ತು ವಾಲಿಸಿ, "ಒಬ್ಬನ ಸಾಕ್ಸಿ ಸಾಕೇನಪ್ಪ?" ಎನ್ನುವರು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಿದ್ದ ನನಗೆ ಮೈ ಉರಿಯುತ್ತಿತ್ತು.

ಅಂದು ತೊಟ್ಟಿಯಲ್ಲಿ ಕಬ್ಬಿನ ಹಾಲು, ಹುಳಿ ಮುರಿಯುವ ಸುಣ್ಣಕ್ಕಾಗಿ ಕಾದು ನಿಂತಿತ್ತು. ತಡವಾದರೂ ಕೆಡುತ್ತದೆ, ಮೀಟರ್ ನಂಬಿ ಸುಣ್ಣದ ಅಳತೆ ತಪ್ಪಿದರೂ ಕೆಡುತ್ತದೆ. ಏಳು ತೋರಿಸಲೇಬೇಕಾದ ದ್ರಾವಣದ ಸೀಸೆಗೆ ಅವರು ಮೀಟರಿನ ಕಡ್ಡಿ ಅದ್ದಿದರು. ಮುಳ್ಳು ಏಳಕ್ಕೇ ನಿಂತಿತು.

"ಸರಿಯಿದೆಯಲ್ಲ, ಇನ್ನೇನು ಅನುಮಾನ? ಶುರು ಮಾಡಿ!" ಎಂದೆ.

ಅವರು ಕಡ್ಡಿ ತೊಳೆದು, ನಾಲ್ಕು ತೋರಿಸಬೇಕಾದ ಇನ್ನೊಂದು ಸೀಸೆಗೆ ಇಳಿಸಿದರು. ಮುಳ್ಳು ಐದು ತೋರಿಸಿತು.

ತಿರುಪು ತಿರುಗಿಸಿ ಸರಿಮಾಡಿದ ಮೇಲೆ ಎರಡೂ ಸೀಸೆಗಳನ್ನು ನನ್ನ ಕೈಗಿಟ್ಟರು.

"ಈಗ ನನ್ ಮ್ಯಾಲೂ ಅನ್ಮಾನ ಪಡಪ್ಪ. ನೀನು ಊಂ ಅಂದ್ಮೇಲೇ ಹಾಲು ಬುಡೋದು."