ಅವ್ವನ ಅಳು, ದಿಲ್ಲಿಯ ಆದೇಶ

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ಬೈಯುತ್ತಾರೆ, ದೇವರನ್ನು ಬೈಯುತ್ತಾರೆ, ಬೀಗರನ್ನೂ ಬಿಡುವುದಿಲ್ಲ. ಅಪ್ಪ ತೀರಿಕೊಂಡಾಗ ಅವ್ವ ಅವನನ್ನು ಮೋಸಗಾರ ಎಂದು ಕರೆದು ಅತ್ತಿದ್ದಳು. ಅಪ್ಪನೋ, ಒದೆಯುವ ಎಮ್ಮೆಯನ್ನು ಒದೆಯುತ್ತದೆ ಎಂದು ಹೇಳಿಯೇ ಮಾರಿದವನು. ಅವ್ವನ ಆ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ತಂಗಿ ತೀರಿಹೋದದ್ದು ಮಹಾನವಮಿಗೆ ಮೊದಲು. ಹಬ್ಬದ ಹಾಸಿಗೆ ತೊಳೆಯಲು ಅವ್ವನಿಗೆ ನೆರವಾಗಲೆಂದು ದೊಡವಾಡದ ಗಂಡನ ಮನೆಯಿಂದ ನಮ್ಮೂರು ಮನೋಳಿಗೆ ಬಂದಿದ್ದಳು. ಸಾಲೆ ತಪ್ಪುತ್ತದೆಂದು ಮಗಳನ್ನು ಅಲ್ಲಿಯೇ ಬಿಟ್ಟು ಬಂದಿದ್ದಳು. ಹೊಳೆಯಲ್ಲಿ ಹಳೆ ಸೀರೆಗಳ ದಪ್ಪ ಕೌದಿ ಜಾಲಿಸುವಾಗ ಕಾಲು ಜಾರಿತು. ನೀರು ಕುಡಿದ ಕೌದಿ ಎಷ್ಟು ಭಾರವೆಂಬುದು ತೊಳೆದವರಿಗೇ ಗೊತ್ತು. ಅದು ಅವಳನ್ನೂ ಎಳೆದುಕೊಂಡು ಹೋಯಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಕಣ್ಣಾರೆ ನೋಡಿದ್ದಾರೆ.

ಹೆಣವನ್ನು ದಂಡೆಗೆ ತಂದಾಗ ಅವ್ವ ಎದೆ ಬಡಿದುಕೊಂಡು ಅತ್ತಳು. “ಯಾರೇನಂದರ ನಿನಗ, ನನ್ನ ಮಗಳ! ಯಾರ ಕೈ ನಿನ್ನ ನೂಕಿತ! ಕೊಟ್ಟ ಮನಿ ನಿನ್ನ ನುಂಗಿತಲ್ಲವ್ವಾ!” ಗುಂಪಿನಲ್ಲಿ ಒಂದು ಸುದ್ದಿ ವಾಹಿನಿಯ ಕ್ಯಾಮೆರಾ ಇತ್ತು. ದೊಡವಾಡದಲ್ಲಿ ಮಣ್ಣು ಮಾಡಿ ಬರುವಷ್ಟರಲ್ಲಿ ಟಿವಿ ತುಂಬ ಅವ್ವನ ಮುಖ, ಕೆಳಗೆ ಕೆಂಪು ಅಕ್ಷರ: ಬೀಗರ ಮೇಲೆ ತಾಯಿಯ ಗಂಭೀರ ಆರೋಪ. ಕೌದಿಯ ಸುದ್ದಿಯೇ ಇಲ್ಲ.

ಪೊಲೀಸರು ಬೀಗರ ಮನೆಗೆ ಹೋಗಿ ತಂಗಿಯ ಗಂಡನನ್ನು ಠಾಣೆಗೆ ಕರೆದೊಯ್ದರು. ವಿಚಾರಿಸಿ ಬಿಟ್ಟರು, ಖರೆ. ಆದರೆ ಬೀಗರು ನಮಗೆ ಬಾಗಿಲು ಮುಚ್ಚಿದರು. ಫೋನ್ ಎತ್ತಲಿಲ್ಲ, ತಂಗಿಯ ಮಗಳನ್ನು ಕಳಿಸಲಿಲ್ಲ. ಅವ್ವನಿಗೆ ಬೇಕಾಗಿದ್ದುದು ಅದೊಂದೇ. ಮೊಮ್ಮಗಳು ಒಮ್ಮೆ ಮನೆಗೆ ಬರಬೇಕು, ಎದುರಿಗೆ ಕೂತು ಉಣ್ಣಬೇಕು.

ನಾನು ಬೈಲಹೊಂಗಲದಲ್ಲಿ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವಳು. ವಾಹಿನಿಯ ತಪ್ಪು ಎಂದು ತೀರ್ಮಾನವಾದರೆ ಬೀಗರ ಸಿಟ್ಟು ಇಳಿದೀತೆಂದು ದೂರು ಬರೆಯುವುದು ನನ್ನ ಪಾಲಿಗೆ ಬಂತು. ಮೊದಲು ವಾಹಿನಿಗೇ ಬರೆಯಬೇಕು, ಅದರ ಉತ್ತರ ಒಪ್ಪಿಗೆಯಾಗದಿದ್ದರೆ ಸುದ್ದಿ ವಾಹಿನಿಗಳ ಮೇಲಿನ ದೂರು ಕೇಳುವ ದಿಲ್ಲಿಯ ಮಂಡಳಿಗೆ. ಅದೇ ಕ್ರಮವಂತೆ. ಹೊಡೆದವನ ಮನೆಗೇ ಹೋಗಿ ಪೆಟ್ಟಾಯಿತೆಂದು ಹೇಳುವ ಈ ಕ್ರಮಕ್ಕೆ ಮೈ ಉರಿಯಿತು. ವಾಹಿನಿಯವರು ಉತ್ತರ ಕೊಟ್ಟರು: ಮಾತು ತಾಯಿಯದೇ, ನಾವು ಸೇರಿಸಿದ್ದೇನೂ ಇಲ್ಲ.

ಮಂಡಳಿಯವರು ಅಳುವಿನ ಮಾತುಗಳ ಇಂಗ್ಲಿಷ್ ಅನುವಾದ ಕೇಳಿದರು. ಅವ್ವನ ಅಳುವನ್ನು ಸಾಲುಸಾಲಾಗಿ ಇಂಗ್ಲಿಷಿಗೆ ಇಳಿಸುತ್ತ ಕೂತೆ. ರಾಗ ಹೋಯಿತು, ಎದೆ ಬಡಿದುಕೊಂಡದ್ದು ಹೋಯಿತು. ಉಳಿದದ್ದನ್ನು ಓದಿದರೆ ನಿಜಕ್ಕೂ ಆರೋಪವೇ. ನನಗೇ ಹೆದರಿಕೆಯಾಯಿತು.

ವಿಚಾರಣೆ ಕಂಪ್ಯೂಟರಿನಲ್ಲೇ ನಡೆಯಿತು. ಮಂಡಳಿಯ ಹಿರಿಯರೊಬ್ಬರು ಸೌಜನ್ಯದಿಂದಲೇ ಕೇಳಿದರು, ಇವು ನಿಮ್ಮ ತಾಯಿಯ ಮಾತುಗಳೇ ಎಂದು. ಹೌದು ಎಂದೆ. ಹಾಗಾದರೆ ಇದರಲ್ಲಿ ಸುಳ್ಳು ಯಾವುದು? ನಮ್ಮಲ್ಲಿ ಹೀಗೆಯೇ ಅಳುತ್ತಾರೆ ಎಂದೆ, ಅಪ್ಪನ ಕತೆಯನ್ನೂ ಹೇಳಿದೆ. ಅವರು ಬರೆದುಕೊಂಡರು. ಪಾಪ, ಅವರಾದರೂ ಇನ್ನೇನು ಮಾಡಬೇಕು?

ಬೇಸಿಗೆಯಲ್ಲಿ ಆದೇಶ ಬಂತು. ದುಃಖದಲ್ಲಿದ್ದವರ ಮುಖವನ್ನು ಒಪ್ಪಿಗೆಯಿಲ್ಲದೆ ತೋರಿಸಿದ್ದು ತಪ್ಪು, ವಿಡಿಯೋ ತೆಗೆದುಹಾಕಬೇಕು, ವಿಷಾದ ಪ್ರಸಾರ ಮಾಡಬೇಕು. ಮಾತುಗಳು ಮಾತ್ರ ತಾಯಿಯವೇ ಆದ್ದರಿಂದ ಅವುಗಳ ಬಗ್ಗೆ ಮಂಡಳಿ ಹೇಳುವುದೇನೂ ಇಲ್ಲ. ಒಟ್ಟಿನಲ್ಲಿ ನಾವು ಗೆದ್ದಿದ್ದೆವು. ಗೆದ್ದ ಕಾಗದ ಹಿಡಿದುಕೊಂಡು ದೊಡವಾಡದ ಬಸ್ಸು ಹತ್ತಿದೆ.

ತಂಗಿಯ ಅತ್ತೆ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು. ನಾನು ಆದೇಶವನ್ನು ಕನ್ನಡದಲ್ಲಿ ಓದಿ ಹೇಳಿದ್ದನ್ನು ಪೂರ್ತಿ ಕೇಳಿದರು.

“ನೋಡವಾ, ನಿಮ್ಮವ್ವ ಅತ್ತಿದ್ದು ನನಗ ತಿಳೀತೈತಿ. ಮಣ್ಣ ಮಾಡೂಮುಂದ ನಾನೂ ಹಾಡ್ಯಾಡಿ ಅತ್ತೇನಿ. ತವರಮನಿ ನಿನ್ನ ಕೊಂದಿತು ಅಂತ ನಾನೂ ಅಂದೇನಿ. ಇಲ್ಲಿ ಕ್ಯಾಮೆರಾ ಇರಲಿಲ್ಲ, ಅಷ್ಟ.”

“ಹಂಗಾರ ಕೂಸಿನ ಒಂದ ನಾಕ ದಿನ ಕಳಸ್ರಿ, ಅತ್ತಿ.”

“ಹೆಂಗ ಕಳಸ್ಲಿ? ನನ್ನ ಮಗನ್ನ ಪೊಲೀಸ್ರು ಕರಕೊಂಡ ಹೋಗಿದ್ದ ಊರ ಮಂದಿ ನೋಡ್ಯಾರ. ಸೊಸಿನ ಕೊಂದವರು ಅಂತ ಇನ್ನೂ ಅಂತಾರ. ಅವಗ ನಿಮ್ಮ ಮನಿ ಹೆಸರ ತಗದ್ರ ಆಗಂಗಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಳಗೆ ಹುಡುಗಿ ಪಾಠ ಓದುವ ದನಿ ಕೇಳುತ್ತಿತ್ತು. ಅವರು ಅವಳನ್ನು ಹೊರಗೆ ಕರೆಯಲಿಲ್ಲ. ನಾನು ಕಾಗದ ಮಡಚಿಕೊಂಡು ಎದ್ದೆ.

ಮನೋಳಿ ತಲುಪಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಕೂಸಿನ ಕಳಸ್ತಾರಂತೇನ?” ಎಂದಳು. ಇಲ್ಲವೆಂದೆ. ಬೀಗತಿ ಆಡಿದ್ದನ್ನೆಲ್ಲ ಹೇಳಿದೆ. ಕೇಳಿ ಒಳಗೆ ಹೋದವಳು ಮತ್ತೆ ಹೊರಗೆ ಬಂದು ನನ್ನ ಮುಂದೆ ಕೂತಳು.

“ಮಗಳು ಸತ್ತಾಗ ನಾ ಅಳಬಾರದಿತ್ತೇನವಾ?”